ನೂರಾ ಹದಿನಾಲ್ಕರ ಕಡೆಗೊಂದು ಕೆಂಪು ಬಾಣ

ಕಳೆದ ವಾರ ಪೇಂಟರ್ ನಮ್ಮ ತಲೆಬಾಗಿಲಿನ ಹಳೆಯ ಬಣ್ಣ ಕೆರೆಯುತ್ತಿದ್ದ. ಟರ್ಪೆಂಟೈನ್ ವಾಸನೆ ಪಡಸಾಲೆ ತುಂಬ ಹರಡಿತ್ತು. ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಕಂದು, ಅದೂ ಹೋದ ಮೇಲೆ ಕಟ್ಟಿಗೆಗೆ ಅಂಟಿಕೊಂಡ ಕಪ್ಪು ಅಂಕಿಗಳು... "ಅಕ್ಕಾರ, ಇಲ್ಲೇನೋ ನಂಬರ್ ಐತ್ರಿ" ಎಂದ. ನೂರಾ ಹದಿನಾಲ್ಕು. ಅದನ್ನು ನೋಡಿದ್ದೇ ತಡ, ನನಗೆ ಹಿಂದೊಮ್ಮೆ ನಮ್ಮ ಮನೆಯಲ್ಲಿದ್ದ ಸರ್ ನೆನಪಾದರು, ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಈ ಉರಿ ಆರಿಲ್ಲವಲ್ಲ ಎಂದು ನನಗೇ ಆಶ್ಚರ್ಯ.

ಈ ಬಾಗಿಲು ಹಳೆ ಬಾಗಲಕೋಟೆಯದು. ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತದೆ ಎಂದು ಖಾತ್ರಿಯಾದ ಮೇಲೆ ಎಲ್ಲರೂ ತೊಲೆ, ಬಾಗಿಲು, ಕಿಟಕಿ ಕಿತ್ತುಕೊಂಡು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದೆವು. ಅದಕ್ಕೂ ಮೊದಲು, ತೊಂಬತ್ತರ ದಶಕದ ಕೊನೆಗೆ, ಸರ್ವೇದವರು ಬಂದು ಮನೆಮನೆಯ ಬಾಗಿಲ ಮೇಲೂ ನಂಬರು ಬರೆದು ಹೋಗಿದ್ದರು. ಪರಿಹಾರಕ್ಕೆಂದು ಯಾವ ಕಚೇರಿಗೆ ಹೋದರೂ ಹೆಸರು ಯಾರಿಗೂ ಬೇಡ, ನಂಬರು ಹೇಳಿದರೆ ಸಾಕು. ಓಣಿಯ ಹೆಂಗಸರು ಅದನ್ನೇ ಚೇಷ್ಟೆ ಮಾಡಿಕೊಂಡರು. ನಮ್ಮ ಅವ್ವ ಪಕ್ಕದ ಮನೆಯ ಗೆಳತಿಯನ್ನು, ನಾನು ಚಿಕ್ಕಮ್ಮನೆಂದು ಕಾಕು ಎನ್ನುತ್ತಿದ್ದವಳನ್ನು, "ಏ ನೂರಾ ಹದಿನೈದು, ಚಹಾ ಆಗೇತಿ ಬಾ" ಎಂದು ಕರೆಯುತ್ತಿದ್ದಳು. ನಮ್ಮ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಸರ್ ಅದನ್ನು ಕೇಳಿ ಗಹಗಹಿಸಿ ನಗುತ್ತಿದ್ದರು.

ಸರ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಒಂಟಿ ಜೀವ, ಬೇರೆ ಊರಿನವರು. ಸಂಜೆಯ ಊಟ ನಮ್ಮಲ್ಲೇ. ಬಿಸಿ ರೊಟ್ಟಿ, ಝುಣಕ ಬಡಿಸುತ್ತಾ ಅವ್ವ ಅವರನ್ನು ತನ್ನ ತಮ್ಮನಂತೆ ಗದರುತ್ತಿದ್ದಳು. ನಾನು ಡಿಗ್ರಿ ಓದುತ್ತಿದ್ದೆ. ಅವರು ಹೇಳಿದ್ದೆಲ್ಲ ನನಗೆ ವೇದವಾಕ್ಯ.

ನಮ್ಮ ಅಡುಗೆಮನೆಗೂ ಕಾಕುವಿನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಆ ಕಿಂಡಿಯಿಂದ ನಮ್ಮ ಮಜ್ಜಿಗೆ ಅತ್ತ ಹೋಗುತ್ತಿತ್ತು, ಇಳಕಲ್ಲಿನ ತವರಿನಿಂದ ಕಾಕು ತಂದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇತ್ತ ಬರುತ್ತಿತ್ತು. ಕಾಕುವಿನ ಗಂಡ ಕುಡಿದು ಬಂದ ದಿನ ಕೂಗಾಟವೂ ಬರುತ್ತಿತ್ತು. ಆಗ ಅವ್ವ ಕೆಲಸವಿರಲಿ ಬಿಡಲಿ, ಒರಳಿನ ಮುಂದೆ ಕೂತು ಏನಾದರೊಂದನ್ನು ಜೋರಾಗಿ ಕುಟ್ಟತೊಡಗುತ್ತಿದ್ದಳು. ಮರುದಿನ ಇಬ್ಬರೂ ಏನೂ ಆಗಿಲ್ಲವೆಂಬಂತೆ ನಗುನಗುತ್ತಾ ಇರುತ್ತಿದ್ದರು. ಶ್ರಾವಣದ ಶನಿವಾರ ತುಳಸಿಗೇರಿಯ ಹನುಮಪ್ಪನ ಗುಡಿಗೂ ಒಟ್ಟಿಗೇ ಹೋಗುತ್ತಿದ್ದರು.

ಹೊಸ ಊರಿನಲ್ಲಿ ಯಾರು ಯಾವ ಸೆಕ್ಟರಿನ ಪಾಲಾಗುತ್ತಾರೋ ಎಂಬುದೇ ಅವ್ವನ ಚಿಂತೆಯಾಗಿತ್ತು. ಮನೆ ಹೋಗುವ ದುಃಖಕ್ಕಿಂತ ಕಾಕು ದೂರವಾಗುವ ಭಯ ಹೆಚ್ಚು. ಒಂದು ದಿನ ಊಟಕ್ಕೆ ಕೂತಾಗ ಸರ್ ಅದಕ್ಕೊಂದು ದಾರಿ ತೋರಿಸಿದರು. "ಯಾರ ಬಾಜೂ ಇರಬೇಕು, ಯಾರ ಬಾಜೂ ಬ್ಯಾಡ, ಎಲ್ಲಾರೂ ನಂಗ ಹೇಳ್ರಿ. ಕಂಪ್ಯೂಟರ್ ಕುಂತು ವಿಚಾರ ಮಾಡಿ ಓಣಿನ್ನ ಹೊಂದಿಸಿ ಕೊಡ್ತೈತಿ. ಇದಕ್ಕ ಕೃತಕ ಬುದ್ಧಿಮತ್ತೆ ಅಂತಾರ." ಬ್ಯಾಡ ಅಂದದ್ದು ಯಾರಿಗಾದರೂ ತಿಳಿಯುತ್ತದೆಯೇ ಎಂದು ಹೆಂಗಸರು ಮತ್ತೆ ಮತ್ತೆ ಕೇಳಿದರು. "ಮಷಿನ್ ಹೊಟ್ಟ್ಯಾಗ ಹೋದದ್ದು ಹೊರಗ ಬರಂಗಿಲ್ರಿ" ಎಂದರು ಸರ್. ಹೇಳಿದ್ದನ್ನೆಲ್ಲ ಸೈಟು ಹಂಚುವ ಕಚೇರಿಗೆ ಮುಟ್ಟಿಸುತ್ತಾರೆಂದೇ ನಾವೆಲ್ಲ ತಿಳಿದೆವು. ಅವರೂ ಅಲ್ಲವೆನ್ನಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ, ಬಾಗಿಲು ಹಾಕಿಕೊಂಡು ಮನಸ್ಸಿನಲ್ಲಿದ್ದದ್ದನ್ನು ಅವರ ಮುಂದೆ ಬಿಚ್ಚಿಟ್ಟು ಬಂದರು. ಕಾಕುವೂ ಹೋಗಿ ಬಂದಳು. ಅವ್ವ ಮಾತ್ರ ಅಂಗಳದಲ್ಲೇ ನಿಂತು ಕೂಗಿದಳು: "ನಂದೇನ ಗುಟ್ಟ ಇಲ್ರೀ ಸರ್, ನಂಗ ನೂರಾ ಹದಿನೈದು ಬಾಜೂ ಇದ್ರ ಸಾಕು!"

ಆಮೇಲೆ ಬಂತು ಕಾಲೇಜಿನ ವಿಚಾರ ಸಂಕಿರಣ. ಕಂಪ್ಯೂಟರು, ಕೃತಕ ಬುದ್ಧಿಮತ್ತೆ, ನಗರಗಳ ಸಮಸ್ಯೆ ಎಂದೆಲ್ಲ ಬ್ಯಾನರಿನಲ್ಲಿ ಬರೆದಿತ್ತು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಂದ ಪ್ರಾಧ್ಯಾಪಕರು ಬಂದಿದ್ದರು. ಸರ್ ನಮ್ಮ ಓಣಿಯವರನ್ನೂ ಕರೆದಿದ್ದರು. ಹೆಂಗಸರೆಲ್ಲ ಮದುವೆಗೆ ಹೊರಟಂತೆ ಇಳಕಲ್ ಸೀರೆ ಉಟ್ಟು ಮುಂದಿನ ಸಾಲುಗಳಲ್ಲಿ ಕೂತರು. ಅರ್ಥವಾಗದ ಇಂಗ್ಲಿಷ್ ಭಾಷಣಗಳಿಗೂ ಭಕ್ತಿಯಿಂದ ತಲೆಯಾಡಿಸಿದರು. ಅವ್ವ ಮತ್ತು ಕಾಕು ಒಂದೇ ತಟ್ಟೆಯ ಅವಲಕ್ಕಿ ತಿಂದರು.

ಸರ್ ಎದ್ದು ನಿಂತು ಪ್ರೊಜೆಕ್ಟರಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟರು. ಪರದೆಯ ತುಂಬ ಗೋಲಗಳು, ಒಂದೊಂದರೊಳಗೆ ಒಂದೊಂದು ನಂಬರು. ಹೆಸರು ಬರೆದಿರಲಿಲ್ಲ. ಅಷ್ಟಕ್ಕೇ ಗುಟ್ಟು ಉಳಿಯಿತೆಂದುಕೊಂಡರೇನೋ... ಆ ನಂಬರು ಕೂಗಿ ಕರೆಯುವುದನ್ನು ಕೇಳಿ ದಿನಾ ನಕ್ಕವರು ಇದೇ ಮನುಷ್ಯ! ಬೇಕು ಎಂಬುದಕ್ಕೆ ಹಸಿರು ಬಾಣ, ಬೇಡ ಎಂಬುದಕ್ಕೆ ಕೆಂಪು ಬಾಣ ಎಂದು ಸರ್ ಕನ್ನಡದಲ್ಲೇ ಬಿಡಿಸಿ ಹೇಳಿದರು. ಮುಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು.

ನೂರಾ ಹದಿನಾಲ್ಕರಿಂದ ನೂರಾ ಹದಿನೈದಕ್ಕೆ ದಪ್ಪನೆಯ ಹಸಿರು ಬಾಣ ಇತ್ತು. ನೂರಾ ಹದಿನೈದರಿಂದ ನಮ್ಮ ಮನೆಗೆ ಬಂದದ್ದು ಕೆಂಪು.

ಅವ್ವ ನನ್ನ ಮೊಣಕೈ ಹಿಡಿದುಕೊಂಡಳು. ಸರ್ ಕೋಲನ್ನು ಸರಿಯಾಗಿ ಅಲ್ಲಿಗೇ ಒಯ್ದಿಟ್ಟರು. "ಹೊರಗಿನಿಂದ ನೋಡಿದರೆ ಇವೆರಡೂ ಒಂದೇ ಮನೆಯಂತಿವೆ. ಮನುಷ್ಯರ ಕಣ್ಣಿಗೆ ಬೀಳದ್ದು ಯಂತ್ರಕ್ಕೆ ಕಾಣುತ್ತದೆ" ಎಂದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಕಾಕು ಸೆರಗನ್ನು ತಲೆಯ ಮೇಲೆಳೆದುಕೊಂಡು ಎದ್ದು ಹೊರಗೆ ಹೋದಳು. ಅವ್ವ ಆ ಕಡೆ ತಿರುಗಿಯೂ ನೋಡಲಿಲ್ಲ.

ಆ ಸಂಜೆ ಓಣಿಯ ಕಟ್ಟೆಗಳ ಮೇಲೆ ಯಾರೂ ಕೂಡಲಿಲ್ಲ. ಸರ್ ಮಾತ್ರ ಎಂದಿನಂತೆ ಕೈಕಾಲು ತೊಳೆದು ಊಟಕ್ಕೆ ಬಂದರು. "ಹೆಂಗಾತ್ರಿ ಅಕ್ಕಾರ ನನ್ನ ಭಾಷಣ?"

"ಚಲೋ ಆತ್ರಿ" ಎಂದಳು ಅವ್ವ. "ಇದನ್ನ ಆಫೀಸಿನ್ಯಾಗ ಯಾವಾಗ ಕೊಡ್ತೀರಿ?"

"ಆಫೀಸಿಗೆ ಯಾಕ್ರಿ? ಇದು ಸಂಕಿರಣದಾಗ ಪೇಪರ್ ಓದಾಕ ಮಾಡಿದ್ದು. ಸೈಟ್ ಹಂಚೋದೇ ಬ್ಯಾರೆ ಐತಿ."

ಅವ್ವ ತಟ್ಟೆಗೆ ಹಾಕಲೆಂದು ಎತ್ತಿದ್ದ ರೊಟ್ಟಿಯನ್ನು ತಿರುಗಿ ಬುಟ್ಟಿಗೆ ಹಾಕಿದಳು. ಸರ್‌ಗೆ ಅದೂ ತಿಳಿಯಲಿಲ್ಲ, ಮಜ್ಜಿಗೆ ಕೇಳಿದರು. ಸ್ವಲ್ಪ ದಿನಕ್ಕೆ ಅವರಿಗೆ ದೊಡ್ಡ ಊರಿನಲ್ಲಿ ನೌಕರಿ ಸಿಕ್ಕಿತು, ಹೊರಟುಹೋದರು. ಅಷ್ಟರಲ್ಲಿ ಕಾಕು ಕಿಂಡಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದ್ದಳು. ಆ ಶ್ರಾವಣದಲ್ಲಿ ಅವ್ವ ತುಳಸಿಗೇರಿಗೆ ಹೋಗಲೇ ಇಲ್ಲ. ಓಣಿ ಖಾಲಿಯಾದಾಗ ನಾವೊಂದು ಸೆಕ್ಟರಿಗೆ ಬಂದೆವು, ಕಾಕು ಇಳಕಲ್ಲಿಗೆ ಅಣ್ಣನ ಮನೆಗೆ ಹೋದಳು.

ಕೆಲವು ವರ್ಷಗಳ ನಂತರ ಕಾಕು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ತೀರ ಸೊರಗಿಹೋಗಿದ್ದಳು. ಅವ್ವನ ಆರೋಗ್ಯ ಕೇಳಿದಳು, ಆಮೇಲೆ ನಾನು ಕೇಳದಿದ್ದರೂ ಹೇಳಿದಳು. "ನಿಮ್ಮವ್ವ ಕುಟ್ಟೋ ಸಪ್ಪಳ ಕೇಳಿದ್ರ ನಂಗ ಗೊತ್ತಾಗತಿತ್ತವಾ, ನಮ್ಮನಿದೆಲ್ಲಾ ಅಕಿಗಿ ಕೇಳೇತಿ ಅಂತ. ಮುಂಜಾನಿ ಎದ್ದು ಅಕಿ ಮುಂದ ನಗಬೇಕು... ಹೊಸಾ ಊರಾಗರ ಯಾರಿಗೂ ಏನೂ ಗೊತ್ತಿರದಂಗ ಇರಬೇಕನಸಿತ್ತು. ನಿಮ್ಮ ಬಾಜೂ ಬ್ಯಾಡ ಅಂತ ಸಿಟ್ಟಿಲೆ ಹೇಳಿದ್ದಲ್ಲವಾ." ಅಷ್ಟರಲ್ಲಿ ಇಳಕಲ್ ಬಸ್ಸು ಬಂತು, ಹತ್ತಿ ಹೋದಳು. ಮನೆಗೆ ಬಂದು ಅವ್ವನಿಗೆ ಹೇಳಿದೆ. "ಅಕಿಗಿ ನಾಚಿಕಿ ಆಗಬಾರದಂತನ ಕುಟ್ಟತಿದ್ನಲ್ಲವಾ ನಾ..." ಎಂದು ಅತ್ತಳು. ಮರು ವರ್ಷವೇ ಕಾಕು ತೀರಿಕೊಂಡ ಸುದ್ದಿ ಬಂತು.

ಆ ಸರ್ ಅನ್ನು ನಾನು ಮತ್ತೊಮ್ಮೆ ನೋಡಿದೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಾನೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಾದಾಮಿಯ ಒಂದು ಸಂಕಿರಣಕ್ಕೆ ಅವರೇ ಮುಖ್ಯ ಅತಿಥಿ. ಕೂದಲು ನೆರೆತಿತ್ತು, ಕೋಟು ಬಂದಿತ್ತು. ಮಾತಿನ ನಡುವೆ ಮುಳುಗಿದ ಊರೊಂದರ ಓಣಿ ಎಂದರು, ಗುಂಡಿ ಒತ್ತಿದರು. ಅದೇ ಗೋಲಗಳು, ಅದೇ ನಂಬರುಗಳು, ಅದೇ ಕೆಂಪು ಬಾಣ! ಈಗ ಬಾಣ ಮಿಣಮಿಣ ಮಿಂಚುತ್ತಲೂ ಇತ್ತು. ಸಭೆ ನಕ್ಕಿತು.

ಪ್ರಶ್ನೆಯ ಹೊತ್ತಿನಲ್ಲಿ ಎದ್ದೆ. "ಸರ್, ಆ ಕೆಂಪು ಬಾಣ ಯಾಕ ಅಂತ ಆ ಮನಿಯವರನ್ನ ಯಾರರ ಕೇಳಿದ್ರೇನ್ರಿ?"

ಅವರಿಗೆ ನನ್ನ ಗುರುತು ಹತ್ತಲಿಲ್ಲ. ಬಹಳ ಒಳ್ಳೆಯ ಪ್ರಶ್ನೆ, ಅದು ಮುಂದಿನ ಸಂಶೋಧನೆಗೆ ಬಿಟ್ಟ ವಿಷಯ ಎಂದರು. ಅವ್ವನ ಕೈಯ ರೊಟ್ಟಿ ತಿಂದ ಬಾಯಿ ಅದು.

ಕಾಕುವಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಿಂದ ದೂರ ಹೋಗಬೇಕೆಂದಿದ್ದಳು, ಅಷ್ಟೆ. ಸದ್ದಿಲ್ಲದೆ ಹೋಗಿದ್ದರೆ ಅವ್ವ ಹಬ್ಬಕ್ಕೊಮ್ಮೆ ಇಳಕಲ್ಲಿಗೆ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಹಾಗೆ ಹೋಗಲೂ ಆ ಸರ್ ಅವಳನ್ನು ಬಿಡಲಿಲ್ಲ.

ಪೇಂಟರ್ ಬ್ರಷ್ ಹಿಡಿದು ಕಾಯುತ್ತಿದ್ದ. ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದು ನಂಬರಿನ ಮೇಲೆ ಕೈಯಾಡಿಸಿದಳು. "ಇರಲಿ ಬಿಡಪಾ. ಅಕಿ ಇದ್ದಿದ್ರ ಇದನ್ನ ನೋಡಿ ಮನಿ ಗುರ್ತ ಹಿಡೀತಿದ್ಲು."

ಅವನು ನನ್ನ ಮುಖ ನೋಡಿದ. ಅವ್ವ ಒಳಗೆ ಹೋಗುವವರೆಗೆ ತಡೆದು, ಅದರ ಮೇಲೆ ಬಣ್ಣ ಬಳಿ ಎಂದೆ. ಆ ನಂಬರನ್ನು ಯಾವುದೋ ಊರಿನ ಪರದೆಯ ಮೇಲೆ ಅವರು ಇನ್ನೂ ತೋರಿಸುತ್ತಿರಬಹುದು. ನಮ್ಮ ಬಾಗಿಲ ಮೇಲಾದರೂ ಅದು ಬೇಡ.