ಮೂವತ್ತು ಹೆಜ್ಜೆ ಆಚೆ ಒಂದು ಹೆರಿಗೆ

ನನ್ನ ಹೆಂಡತಿಯ ತಮ್ಮ ಬೋರ್‌ವೆಲ್ ಕೊರೆಸುವ ಕೆಲಸದವನು. ಕೂಡ್ಲಿಗಿ ಸೀಮೆಯಲ್ಲಿ ಎಷ್ಟು ಕೊರೆದರೂ ಬರೀ ಬಿಳಿ ಪುಡಿ ಬರತೊಡಗಿದ ಮೇಲೆ ಅವನು ಪೂರ್ವ ಆಫ್ರಿಕಾಕ್ಕೆ ಹೋಗಿ ಅಲ್ಲಿ ಕೊರೆಸತೊಡಗಿದ. ಒಂದು ಫೆಬ್ರವರಿಯಲ್ಲಿ ಅಕ್ಕನನ್ನೂ ನನ್ನನ್ನೂ ಹದಿನೈದು ದಿನದ ಮಟ್ಟಿಗೆ ಕರೆಸಿಕೊಂಡ. ಆ ಹದಿನೈದು ದಿನಗಳಲ್ಲಿ ಒಂದು ಅರ್ಧ ದಿನವನ್ನು ಸಫಾರಿಗೆಂದು ಇಟ್ಟಿದ್ದ. ಬೆಳಿಗ್ಗೆ ಆರಕ್ಕೆ ಗೇಟಿನ ಒಳಗೆ, ಮಧ್ಯಾಹ್ನ ಹನ್ನೆರಡಕ್ಕೆ ಗೇಟಿನ ಹೊರಗೆ.

ನಾವು ಐದೂಮುಕ್ಕಾಲಿಗೆ ಗೇಟಿನಲ್ಲಿದ್ದೆವು. ನಾನು ಓದಿದ್ದು ನಾಲ್ಕೂವರೆಗೆ ಗಂಟೆ ಹೊಡೆಯುತ್ತಿದ್ದ ಹಾಸ್ಟೆಲಿನಲ್ಲಿ. ಆ ಗಂಟೆ ನಿಂತು ಐವತ್ತು ವರ್ಷವಾದರೂ ನನಗೆ ಎಚ್ಚರವಾಗುವುದು ಆಗಲೇ. ನಮ್ಮ ಗೈಡ್ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಗಾಡಿಯನ್ನು ಅವನೇ ಓಡಿಸುತ್ತಿದ್ದ. ಹೊರಡುವ ಮೊದಲು ಇಂಗ್ಲಿಷಿನಲ್ಲಿ ಮೂರು ನಿಯಮ ಹೇಳಿದ. ಗಾಡಿಯಿಂದ ಇಳಿಯಬಾರದು. ಕೂಗಬಾರದು. ಪ್ರಾಣಿಗಳ ವ್ಯವಹಾರದಲ್ಲಿ ಕೈಹಾಕಬಾರದು. ನಿಯಮಗಳು ಚೆನ್ನಾಗಿದ್ದವು. ನಾನು ಹಾಗೆಂದು ಅವನಿಗೆ ಹೇಳಿದೆ.

ಒಂಬತ್ತರ ಹೊತ್ತಿಗೆ ಜಿರಾಫೆ, ಜೀಬ್ರಾ, ಆನೆ ಎಲ್ಲ ಆಗಿತ್ತು. ಜೀಬ್ರಾಗಳು ಮೈತುಂಬಿಕೊಂಡಿದ್ದವು. ಒಂದು ಜಿರಾಫೆಯ ಹಿಂಗಾಲಿನ ನಡಿಗೆ ಸರಿಯಿರಲಿಲ್ಲ. ಆನೆಗಳ ಲದ್ದಿ ಇರಬೇಕಾದ ಹಾಗೇ ಇತ್ತು. ನನ್ನ ನೋಟವೇ ಹಾಗೆ. ಮೂವತ್ತೆರಡು ವರ್ಷ ದನದ ಆಸ್ಪತ್ರೆಗಳಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಹೊಸಹಳ್ಳಿ, ಉಜ್ಜಿನಿ, ತಂಬ್ರಹಳ್ಳಿ, ಎಲ್ಲ ಕಡೆಯೂ ಜನ ನನ್ನನ್ನು ಕರೆಯುತ್ತಿದ್ದದ್ದು ದನದ ಡಾಕ್ಟ್ರು ಎಂದೇ.

ಭಾವಮೈದುನನಿಗೆ ಇದ್ಯಾವುದೂ ಸಾಲಲಿಲ್ಲ. “ಭಾವಾ, ಸಿಂಹ ನೋಡಲಾರ್ದ ಊರಿಗೆ ಹೋದ್ರ ನೀವು ಆಫ್ರಿಕಾಕ್ಕ ಹೋಗಿದ್ರಿ ಅಂತ ಯಾರೂ ನಂಬಂಗಿಲ್ರಿ” ಎಂದ.

“ಸಿಂಹ ಇರ್ಲಿ, ಮದ್ಲು ನಿನ್ ಟೊಪ್ಪಿಗಿ ತಗಿಯೋ ತಮ್ಮಾ. ಮುಂದಿಂದು ಏನೂ ಕಾಣವಲ್ದು” ಎಂದಳು ನನ್ನ ಹೆಂಡತಿ.

ಆಗ ಗಾಡಿಯ ವೈರ್‌ಲೆಸ್ ಮಾತಾಡಿತು. ಇಪ್ಪತ್ತು ನಿಮಿಷದ ದಾರಿಯಲ್ಲಿ, ಬಂಡೆಗಳ ಹತ್ತಿರ, ಸಿಂಹಗಳು ಬೇಟೆಯಾಡಿ ತಿನ್ನುತ್ತ ಕುಳಿತಿವೆ ಎಂದು ಗೈಡ್ ಹೇಳಿದ. ನಮ್ಮ ಹಿಂದೆ ಮುಂದೆ ಇದ್ದ ಗಾಡಿಗಳೆಲ್ಲ ಧೂಳೆಬ್ಬಿಸಿಕೊಂಡು ಅತ್ತ ಓಡಿದವು. ನಾವೂ ಹೊರಟೆವು. ದಾರಿಯ ಎರಡೂ ಕಡೆ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಯ ಹಿಂಡು ಮೇಯುತ್ತಿತ್ತು. ಎದುರಿಗೆ ಎಮ್ಮೆ, ಗದ್ದಕ್ಕೆ ಹೋತಿನ ಗಡ್ಡ, ಹಿಂದಿನಿಂದ ಬರಗಾಲದ ಎತ್ತು. ಮೂರು ಕಚೇರಿಗಳವರು ಒಬ್ಬರನ್ನೊಬ್ಬರು ಕೇಳದೆ ಮಾಡಿದಂತಿತ್ತು. ಅದು ಅವು ಕರು ಹಾಕುವ ಕಾಲವಂತೆ.

ದಾರಿಯಿಂದ ಮೂವತ್ತು ಹೆಜ್ಜೆ ಆಚೆ ಅವುಗಳಲ್ಲೊಂದು ಹೆಣ್ಣು ಒಂಟಿಯಾಗಿ ಮಲಗಿ ತಿಣುಕುತ್ತಿತ್ತು. ನಾನು ನಿಲ್ಲಿಸಿ ಎಂದೆ. ಗೈಡ್ ನಿಲ್ಲಿಸಿ, ದುರ್ಬೀನು ನನ್ನ ಕೈಗೆ ಕೊಟ್ಟ.

ನೀರಿನ ಚೀಲ ಒಡೆದಿತ್ತು. ಕರುವಿನ ಮೂತಿ ಕಾಣುತ್ತಿತ್ತು. ಗೊರಸು ಮಾತ್ರ ಒಂದೇ. ಕರು ಬರಬೇಕಾದದ್ದು ಬಾವಿಗೆ ಧುಮುಕುವವರ ಹಾಗೆ, ಎರಡೂ ಮುಂಗಾಲು ಮುಂದೆ ಚಾಚಿ, ನಡುವೆ ತಲೆಯಿಟ್ಟು. ಇದರ ಒಂದು ಕಾಲು ಒಳಗೇ ಮಡಚಿಕೊಂಡಿತ್ತು. ಹಾಗೇ ಬಿಟ್ಟರೆ ಮೊದಲು ಕರು, ಆಮೇಲೆ ತಾಯಿ. ಸ್ವಲ್ಪ ದೂರದಲ್ಲಿ ಎರಡು ಕತ್ತೆಕಿರುಬಗಳು ಸರದಿಯಲ್ಲಿ ಕುಳಿತವರಂತೆ ಕುಳಿತಿದ್ದವು. ಅವುಗಳಿಗೂ ವಿಷಯ ಗೊತ್ತಿತ್ತು.

ನಮ್ಮೂರ ಕೊಟ್ಟಿಗೆಯಾಗಿದ್ದರೆ ಐದು ನಿಮಿಷದ ಕೆಲಸ. ಕೈಗೆ ಸೋಪು ಹಚ್ಚಿಕೊಂಡು, ಕರುವನ್ನು ಕೊಂಚ ಹಿಂದಕ್ಕೆ ತಳ್ಳಿ, ಆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತಂದರೆ ಮುಗಿಯಿತು.

“ತೋಳು ಯಾಕ ಮ್ಯಾಲ ಮಾಡ್ಕೊಂಡೀರಿ?” ಎಂದಳು ಹೆಂಡತಿ.

“ಸೆಕಿ.”

“ಬಲಗೈಗಷ್ಟ ಸೆಕಿ ಏನ್ರಿ? ಇಳಸ್ರಿ. ರಿಟೈರ್ ಆಗೀರಿ ನೀವು.”

ನಾನು ಇಳಿಸಲಿಲ್ಲ. ಗೈಡಿನ ಕಡೆ ತಿರುಗಿ, ಗೊರಸು ಒಂದೇ ಎಂದು ಒಂದು ಬೆರಳು ತೋರಿಸಿದೆ. ಅವನೂ ತಲೆಯಾಡಿಸಿ ಒಂದು ಬೆರಳು ತೋರಿಸಿದ. ಆಮೇಲೆ ಭಾವಮೈದುನನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ.

“ಅವ್ರಪ್ಪಗ ನೂರು ದನ ಅದಾವಂತ ಭಾವಾ. ಸಣ್ಣಾವಿದ್ದಾಗ ತಾನೂ ಕರ ಎಳದಾನಂತ. ಆದ್ರ ಇಲ್ಲಿ ಇಳದ್ರ ಲೈಸೆನ್ಸ್ ಹೋಕೈತಿ, ಮನ್ಯಾಗ ನಾಕು ಮಕ್ಳು ಅದಾರ ಅಂತಾನ. ಅಷ್ಟಕ್ಕೂ ನಾವು ಇಳದ್ರ ಅದು ಎದ್ದು ಓಡಿಬಿಡತೈತಂತ.”

ಅದು ಸರಿಯಾದ ಮಾತಾಗಿತ್ತು. ಕಟ್ಟಿಹಾಕದ ಪ್ರಾಣಿಗೆ ಚಿಕಿತ್ಸೆಯಿಲ್ಲ. ನಾನು ತೋಳು ಇಳಿಸಿ ಗುಂಡಿ ಹಾಕಿದೆ.

ಆದರೆ ಸುಮ್ಮನೆ ಕೂರಲು ಆಗಲಿಲ್ಲ. ಒಮ್ಮೆ ತಂಬ್ರಹಳ್ಳಿಯ ಹೊಲವೊಂದರಲ್ಲಿ ಹೀಗೇ ಆಗಿದ್ದ ಎಮ್ಮೆಯನ್ನು ತಿಪ್ಪೆಗುಂಡಿಯ ಇಳಿಜಾರಿಗೆ ತಂದು, ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ನಿಲ್ಲಿಸಿದ್ದೆವು. ಕರು ತನ್ನ ಭಾರಕ್ಕೇ ಒಳಗೆ ಜಾರಿ, ಕಾಲಿಗೆ ಜಾಗವಾಗಿತ್ತು. ಅದನ್ನು ನನ್ನ ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಗೈಡಿಗೆ ಹೇಳಿದೆ. ಈ ಹೆಣ್ಣಿನ ಆಚೆಗೇ ಒಂದು ತಗ್ಗು ಇತ್ತು. ಎದ್ದು ಹತ್ತು ಹೆಜ್ಜೆ ಹೋದರೆ ಸಾಕಿತ್ತು.

ಗೈಡ್ ತಗ್ಗನ್ನು ನೋಡಿದ. ಕತ್ತೆಕಿರುಬಗಳನ್ನು ನೋಡಿದ. ಕೈಗಡಿಯಾರ ನೋಡಿ, “ಹೊತ್ತಾಯಿತು, ಗೇಟು ದೂರ ಇದೆ, ಹೊರಡಬೇಕು” ಎಂದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದ. ಗೇಟು ಮುಕ್ಕಾಲು ಗಂಟೆಯ ದಾರಿ. ನನ್ನ ಗಡಿಯಾರದಲ್ಲಿ ಹತ್ತೂ ಹತ್ತು.

ಅವನು ಎಂಜಿನ್ ಚಾಲೂ ಮಾಡಿದ. ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಗಾಡಿಯನ್ನು ಒಂದು ಮಾರು ಮುಂದಕ್ಕೆ ತಂದ. ಆ ಹೆಣ್ಣು ದಡಕ್ಕನೆ ಎದ್ದು, ಕರುವಿನ ಗೊರಸನ್ನು ಜೋತಾಡಿಸಿಕೊಂಡೇ ತಗ್ಗಿನತ್ತ ಓಡಿ, ಇಳಿಜಾರಿನಲ್ಲಿ ಮುಂಗಾಲು ಮಡಚಿ ಬಿದ್ದಿತು. ತಲೆ ಕೆಳಗಿತ್ತು. ಗೈಡ್ ಎಂಜಿನ್ ಆರಿಸಿ, ಗಾಡಿಯಲ್ಲಿ ಏನೋ ತೊಂದರೆಯಿದೆ ಎಂದ.

ಏಳೆಂಟು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮೂತಿ ಒಳಗೆ ಹೋಯಿತು, ಗೊರಸೂ ಹೋಯಿತು. ಹೆಂಡತಿ ನನ್ನ ಕೈಯಿಂದ ದುರ್ಬೀನು ಕಸಿದುಕೊಂಡಳು. ಮೂವತ್ತೆರಡು ವರ್ಷ ನನ್ನ ಗಮ್‌ಬೂಟು ತೊಳೆದವಳು, ಏನು ನೋಡಬೇಕೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

“ಎರಡು” ಎಂದಳು.

“ಸರಿಯಾಗಿ ನೋಡು.”

“ನಂಗ ಎಣಸಾಕ ಬರಂಗಿಲ್ಲೇನು? ಎರಡು ಗೊರಸು, ಮ್ಯಾಲ ಮೂತಿ.”

ಆಮೇಲಿನದು ಬೇಗ ಆಯಿತು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಇದಕ್ಕೆ ಎಂಜಿನ್ ಕಾರಣವೋ, ಇಳಿಜಾರು ಕಾರಣವೋ, ಅದು ಹೇಗೂ ತಾನಾಗಿ ಬರುತ್ತಿತ್ತೋ, ನಾನು ಹೇಳಲಾರೆ. ಕತ್ತೆಕಿರುಬಗಳು ಎದ್ದು ನಿಂತು ನಾಲ್ಕು ಹೆಜ್ಜೆ ಹತ್ತಿರ ಬಂದವು. ತಾಯಿ ಕೊಂಬು ತಗ್ಗಿಸಿ ಅವುಗಳತ್ತ ಎರಡು ಸಲ ನುಗ್ಗಿತು. ಅಷ್ಟರಲ್ಲಿ ಕರು ನಾಲ್ಕು ಸಲ ಮುಗ್ಗರಿಸಿ ಐದನೆಯ ಸಲಕ್ಕೆ ನಿಂತಿತು. ಏಳು ನಿಮಿಷ. ನಮ್ಮ ಎಮ್ಮೆಯ ಕರುಗಳಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ನಿಂತ ಕರು ಸುತ್ತ ನೋಡಿ, ತಾಯಿಯನ್ನು ಬಿಟ್ಟು ನಮ್ಮ ಗಾಡಿಯ ಕಡೆಗೆ ನಡೆದು ಬಂತು.

“ಭಾವಾ, ನಿಮ್ ವಾಸ್ನಿ ಅದಕ್ಕೂ ಗೊತ್ತಾತ್ ನೋಡ್ರಿ” ಎಂದು ಭಾವಮೈದುನ ನಕ್ಕ.

ಗೈಡ್ ನಗಲಿಲ್ಲ. ಈ ಕರುಗಳು ಹುಟ್ಟಿದ ಕೂಡಲೇ ಅಲ್ಲಾಡುವ ದೊಡ್ಡದು ಏನಿದ್ದರೂ ಅದನ್ನೇ ತಾಯಿ ಅಂದುಕೊಂಡು ಹಿಂದೆ ಬರುತ್ತವೆ, ಈಗ ಗಾಡಿ ಹೊರಟರೆ ಇದು ಗಾಡಿಯ ಹಿಂದೆಯೇ ಓಡುತ್ತದೆ, ಆಮೇಲೆ ಕತ್ತೆಕಿರುಬಗಳ ಪಾಲು ಎಂದ. ಯಾರೂ ಅಲ್ಲಾಡಬೇಡಿ ಎಂದ. ನಾವು ಅಲ್ಲಾಡಲಿಲ್ಲ. ಕರು ಮುಂದಿನ ಚಕ್ರದ ಹತ್ತಿರ ಬಂದು, ಒದ್ದೆ ಮೂತಿಯಿಂದ ಟೈರನ್ನು ಮೂಸಿತು.

“ಹುಚ್ಚಪ್ಪಾ, ಅದು ರಬ್ಬರ್ ಐತಿ” ಎಂದಳು ಹೆಂಡತಿ, ಮನೆಯ ಹಿತ್ತಲಲ್ಲಿ ಮಾತಾಡುವ ದನಿಯಲ್ಲಿ. “ನಿಮ್ಮವ್ವ ಅಲ್ಲಿ ಅದಾಳ. ಹೋಗು.”

ತಾಯಿ ತಗ್ಗಿನ ಅಂಚಿಗೆ ಬಂದು ಮೂಗಿನಲ್ಲೇ ಗುರುಗುಟ್ಟಿತು. ಕರುವಿನ ಕಿವಿ ಅತ್ತ ತಿರುಗಿತು, ಕಾಲು ತಿರುಗಲಿಲ್ಲ. ತಾಯಿಗೆ ನಮ್ಮ ಹೆದರಿಕೆ. ನಾಲ್ಕು ಹೆಜ್ಜೆ ಬರುವುದು, ಮೂರು ಹೆಜ್ಜೆ ಹಿಂದಕ್ಕೆ ಹೋಗುವುದು. ಕೊನೆಗೆ ಓಡಿಬಂದು ಗಾಡಿಗೂ ಕರುವಿಗೂ ನಡುವೆ ತೂರಿಕೊಂಡು, ನಮಗೆ ಬೆನ್ನು ಮಾಡಿ ನಿಂತಿತು. ಕರು ಕೆಚ್ಚಲು ಹುಡುಕಿ, ಮೊದಲು ಮುಂಗಾಲಿನ ಸಂದಿಗೆ ಬಾಯಿ ಹಾಕಿ, ಆಮೇಲೆ ಸರಿಯಾದ ಜಾಗಕ್ಕೆ ಹೋಯಿತು. ಬಾಲ ಅಲ್ಲಾಡತೊಡಗಿತು. ಗಿಣ್ಣುಹಾಲು ಇಳಿದಿತ್ತು.

ವೈರ್‌ಲೆಸ್ ಮತ್ತೆ ಮಾತಾಡಿತು. ಸಿಂಹಗಳು ತಿಂದು ಮುಗಿಸಿ ಪೊದೆಯೊಳಗೆ ಹೋದವಂತೆ.

“ಜಲ್ದಿ ಹೋದ್ರ ಬಾಲ ಆದ್ರೂ ಕಾಣಬಹುದು” ಎಂದ ಭಾವಮೈದುನ. “ಕರ ಹಾಲು ಕುಡೀತು, ಕೆಲ್ಸ ಮುಗೀತು. ಹೋಗೂಣೇನ್ರಿ ಭಾವಾ?”

ನಾನು ತಾಯಿಯ ಹಿಂಭಾಗ ನೋಡಿದೆ. ಕರುವಿನ ಬೆನ್ನಿಗೇ ಬೀಳಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ, ಜೋತಾಡುತ್ತಿತ್ತು. ಮಾಸು ಬೀಳುವ ಮುಂಚೆ ನಾನು ಯಾರ ಕೊಟ್ಟಿಗೆಯಿಂದಲೂ ಎದ್ದು ಬಂದವನಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತ ಗೈಡಿನ ಕಡೆ ನೋಡಿದೆ. ಅವನು ಗಾಡಿಯ ಕೀಲಿಯನ್ನು ತೆಗೆದು ಆಗಲೇ ಜೇಬಿಗೆ ಹಾಕಿಕೊಂಡಿದ್ದ.