ತಾರಿನಲ್ಲಿ ಇಲ್ಲದ ಐದು ಶಬ್ದ

ಕಳೆದ ಗುರುವಾರ ನಾನು ಖರೇನೇ ಹೇಳಿದೆ. ಒಬ್ಬರೂ ನಂಬಲಿಲ್ಲ.

ತಪ್ಪು ನಂಬದವರದಲ್ಲ, ನನ್ನದು. ಹೇಗೆ ಅಂತೀರಾ?

ಕೌಜಲಗಿಯ ಸಾಲೆಯಲ್ಲಿ ನಾನು ಮಾಸ್ತರಿಕೆ ಮಾಡುತ್ತಿರುವುದು ನಿಮಗೆ ಗೊತ್ತೇ ಇದೆ. ಊರಿಗೆ ಇಂಗ್ಲಿಷ್ ಕಾಗದ ಬಂದರೆ ಓದಲು ನನ್ನ ಬಳಿಗೇ ತರುತ್ತಾರೆ. ಈ ಲಡಾಯಿ ಸುರುವಾದ ಮೇಲಂತೂ ಕಾಗದ ಹಿಡಿದು ಬರುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಗುರುವಾರ ಮಧ್ಯಾಹ್ನ ಬಾಳವ್ವ ಒಂದು ತಾರು, ಸರಕಾರದ ಟೆಲಿಗ್ರಾಂ, ಹಿಡಿದು ಬಂದಳು. ಅವಳ ಮಗ ಯಲ್ಲಪ್ಪ ಕುರಿಗಳನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ, ಪಲ್ಟಣ ಸೇರಿ ಬರ್ಮಾದ ಕಡೆ ಹೋದವನು. ಹಿಂದೆ ಸೊಸೆ ನೀಲವ್ವ, ಅವಳ ಹಿಂದೆ ಪಕ್ಕದ ಮನೆಯ ಕಲ್ಲವ್ವ.

ತಾರಿನಲ್ಲಿದ್ದದ್ದು ಎರಡೇ ಸಾಲು. ತಿಳಿಸಲು ಬಹಳ ವಿಷಾದ, ಯಲ್ಲಪ್ಪ ಮಿಸ್ಸಿಂಗ್.

ಈ ಮಿಸ್ಸಿಂಗ್ ಎಂಬುದು ಎಂಥ ಶಬ್ದ ನೋಡಿ! ಇದ್ದಾನೆ ಎನ್ನುವುದಿಲ್ಲ, ಸತ್ತ ಎನ್ನುವುದಿಲ್ಲ. ಬಾಗಿಲನ್ನು ಅರ್ಧ ತೆರೆದು ಹಾಗೇ ಬಿಟ್ಟುಬಿಡುತ್ತದೆ.

"ಅವ ಎಲ್ಲದಾನ ಅಂತ ಗೊತ್ತಾಗವಲ್ದಂತ ಬಾಳವ್ವಾ. ಹುಡುಕಾಕತ್ತಾರಂತ" ಎಂದೆ. (ಹುಡುಕುತ್ತಿದ್ದಾರೆಂದು ತಾರಿನಲ್ಲಿ ಇರಲಿಲ್ಲ. ನನ್ನ ನಾಲಿಗೆ ತಾನಾಗಿಯೇ ಸೇರಿಸಿತು.)

ಬಾಳವ್ವ ಅಲ್ಲೇ ಕುಸಿದು ಕುಳಿತು ಎದೆ ಎದೆ ಬಡಿದುಕೊಂಡಳು. "ಯಪ್ಪಾ ನನ ಮಗನ..."

"ಅಲ್ಲಬೇ, ಸತ್ತಾನ ಅಂತ ನಾ ಎಲ್ಲಿ ಅಂದೆ?"

ಉತ್ತರ ಕೊಟ್ಟವಳು ಕಲ್ಲವ್ವ. "ನನ್ನ ತಮ್ಮನ ತಾರೂ ಹಿಂಗ ಓದಿದ್ರಿ, ಮಾಸ್ತರ್ರ. ಭಾಳ ಆರಾಮಿಲ್ಲಂತ, ಲಗೂ ಹೋಗ್ರಿ ಅಂದ್ರಿ. ನಾವು ಸೊಲ್ಲಾಪುರ ಮುಟ್ಟೂದ್ರಾಗ ಮಣ್ಣ ಮಾಡಿದ್ರು."

ಏನು ಹೇಳಲಿ? ನಮ್ಮ ಕಡೆಯ ರೂಢಿ ನಿಮಗೂ ಗೊತ್ತು. ಸಾವಿನ ಸುದ್ದಿಯನ್ನು ಸಾವೆಂದು ಹೇಳಿ ಹೊಸ್ತಿಲು ದಾಟಿಸುವವರು ಯಾರೂ ಇಲ್ಲ. ಗೋಕಾಕದಿಂದ ಹುಕ್ಕೇರಿಗೆ ಹೋಗಲಿ, ಮೂಡಲಗಿಯಿಂದ ಮಮದಾಪುರಕ್ಕೆ ಹೋಗಲಿ, ಸುದ್ದಿ ಒಯ್ದವನು "ಜ್ವರ ಬಂದಾವ, ಲಗೂ ನಡೀರಿ" ಎಂದೇ ಅನ್ನಬೇಕು. ಕೇಳಿದವರು ಇನ್ನೂ ಜೀವ ಇದೆಯೆಂಬ ಆಸೆಯಲ್ಲಿ ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊರುತ್ತ ಹೋಗಬೇಕು. ನಾನೂ ಹಾಗೆಯೇ ಎಷ್ಟು ತಾರುಗಳನ್ನು ಓದಿದ್ದೇನೋ. ಅದನ್ನು ದೊಡ್ಡ ದಯೆಯೆಂದೇ ತಿಳಿದಿದ್ದೆ.

ಈಗ ನೋಡಿ. ನಿಜವಾಗಿಯೂ ಕಾಣೆಯಾದವನು ನನ್ನ ಬಾಯಲ್ಲಿ ಸತ್ತುಹೋದ.

ಕಲ್ಲವ್ವ ಅಳುತ್ತಲೇ ನೀಲವ್ವನ ಕೈ ಹಿಡಿದಳು. ಆ ಕೈಯಲ್ಲಿ ಹಸಿರು ಬಳೆಗಳಿದ್ದವು. ಮುಂದೆ ಆಗುವುದೇನೆಂದು ಬಿಡಿಸಿ ಹೇಳಬೇಕೆ? ಆ ಬಳೆ ಒಮ್ಮೆ ಒಡೆದರೆ ಮುಗಿಯಿತು. ನಾಳೆ ಯಲ್ಲಪ್ಪ ನಡೆದುಕೊಂಡು ಮನೆಗೆ ಬಂದರೂ, ಬದುಕಿದ ಗಂಡನಿಗೆ ಬಳೆ ಒಡೆದುಕೊಂಡವಳೆಂಬ ಮಾತು ಅವಳನ್ನು ಬಿಡುವುದಿಲ್ಲ. ತಾರಿನಲ್ಲಿ ಸತ್ತ ಎಂದಿಲ್ಲವೆಂದು ನಾನು ಆಣೆ ಇಟ್ಟೆ. ದಪ್ಪನೆಯ ಡಿಕ್ಷನರಿ ತಂದು ತೆರೆದೆ. ಯಾರೂ ಅದರತ್ತ ನೋಡಲಿಲ್ಲ.

ನೀಲವ್ವ ಕೈ ಬಿಡಿಸಿಕೊಂಡಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ.

"ಮಾಸ್ತರ್ರ, ಸತ್ರು ಅನ್ನಾಕ ಇಂಗ್ಲೀಷಿನ್ಯಾಗ ಏನಂತಾರ್ರಿ?"

"ಡೆಡ್ ಅಂತಾರವ್ವಾ."

"ಅದೊಂದ ಏನ್ರಿ?"

ಒಂದೇ ಎಲ್ಲಿ? ಡೆಡ್ ಅಂದರೆ ಸತ್ತವನು. ಡೈಡ್ ಅಂದರೆ ಸತ್ತ, ಜಡ್ಡಿನಿಂದಲೋ ಮುಪ್ಪಿನಿಂದಲೋ. ಡಿಸೀಸ್ಡ್ ಅನ್ನುವುದು ಕಚೇರಿಯವರು. ಎಕ್ಸ್‌ಪೈರ್ಡ್ ಅನ್ನುವುದು ಮೆತ್ತಗೆ ಹೇಳುವವರು. ಇನ್ನು ಕಿಲ್ಡ್, ಅದು ಲಡಾಯಿಯ ಶಬ್ದ. ಸಾಲೆಯ ಹುಡುಗರಿಗೆ ಹೇಳುವಂತೆ ಎಲ್ಲವನ್ನೂ ಹೇಳಿದೆ.

"ಸಾಯೂದು ಒಂದ. ಅದಕ್ಕ ಇಷ್ಟ್ಯಾಕ ಶಬ್ದ ಬೇಕ್ರಿ ಅವರಿಗೆ?" ಎಂದಳು. ಆಮೇಲೆ ಸಾಲೆಯ ಹುಡುಗರ ಸ್ಲೇಟೊಂದನ್ನು ನನ್ನ ಮುಂದೆ ಹಿಡಿದು, "ಎಲ್ಲಾ ಈ ಪಾಟೀ ಮ್ಯಾಲ ಬರೀರಿ. ತಾರಿನ್ಯಾಗ ಹೆಂಗ ಅದಾವೋ ಹಂಗ ದೊಡ್ಡ ಅಕ್ಷರ."

ಬರೆದೆ. ಓದು ಬರಹ ಕಲಿಯದ ಆ ಹೆಣ್ಣುಮಗಳು ಎಡಗೈಯಲ್ಲಿ ಪಾಟಿ, ತೊಡೆಯ ಮೇಲೆ ತಾರು ಇಟ್ಟುಕೊಂಡು, ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಹೋಲಿಸಿದಳು. ಜೋಳದಲ್ಲಿ ಹರಳು ಆರಿಸುವಾಗ ಹೆಂಗಸರು ಹೀಗೆಯೇ ನೋಡುತ್ತಾರೆ. ಬಾಳವ್ವನ ಅಳು ನಿಂತಿತು.

ಒಂದು ಕಡೆ ಬೆರಳು ನಿಂತುಬಿಟ್ಟಿತು. ತಾರಿನ ಮೊದಲ ಶಬ್ದದ ಮೇಲೆ. ಡೆಡ್‌ನ ಮೊದಲ ಎರಡು ಅಕ್ಷರ ಅಲ್ಲಿಯೂ ಇದ್ದವು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಅದು ಡೀಪ್ಲಿ ಎಂದು, ವಿಷಾದ ಬಹಳ ಎಂಬುದಕ್ಕೆ ಹಾಗೆ ಬರೆಯುತ್ತಾರೆಂದು ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವಳೇ ಅಂದಳು, "ತಡೀರಿ. ಮೂರನೇದು ಬ್ಯಾರೆ ಐತಿ."

ಐದೂ ಶಬ್ದಗಳನ್ನು ನೋಡಿ ಮುಗಿಸಿ ಎದ್ದು ನಿಂತಳು. "ಅತ್ತೀ, ಏಳ್ರಿ. ಇದರಾಗ ಒಂದೂ ಇಲ್ಲ. ನಾ ಬಳಿ ಒಡಿಯಂಗಿಲ್ಲ."

ಅವಳು ನಂಬಿದ್ದು ನನ್ನ ಮಾತನ್ನಲ್ಲ, ಆಣೆಯನ್ನೂ ಅಲ್ಲ. ತನ್ನ ಕಣ್ಣನ್ನು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಹಾಗೆ ನಾಚಿದ್ದಿಲ್ಲ.

ಹೋಗುವಾಗ ಪಾಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಇದನ್ನ ಒಯ್ತೀನ್ರಿ. ಮುಂದ ತಾರು ಬಂದ್ರ ನಾನ ನೋಡ್ಕೋತೀನಿ."

ನಿನ್ನೆ ಅವರ ಮನೆಯ ಮುಂದೆ ಹಾದುಹೋದೆ. ಪಾಟಿ ಗೋಡೆಯ ಗೂಡಿನಲ್ಲಿದೆ. ಅಕ್ಷರ ಅಳಿಸಿಹೋಗಬಾರದೆಂದು ಮೇಲೆ ಅರಿವೆ ಮುಚ್ಚಿದ್ದಾಳೆ. ಅದರ ಅಗತ್ಯವೇನೂ ಇಲ್ಲವಂತೆ, ಐದೂ ಶಬ್ದ ಈಗ ಅವಳಿಗೆ ಬಾಯಿಪಾಠ, ಕಣ್ಣು ಮುಚ್ಚಿ ನೆಲದ ಮೇಲೆ ಬರೆಯುತ್ತಾಳಂತೆ. ಬಾಳವ್ವ ಹೆಮ್ಮೆಯಿಂದಲೇ ಹೇಳಿದಳು.

ಇನ್ನು ನೀಲವ್ವನಿಗೆ ನಾನು ಸುಳ್ಳು ಹೇಳಲಾರೆ. ಒಳ್ಳೆಯದೇ ಆಯಿತು ಅಂತೀರಾ? ನಾನೂ ಹಾಗೆಂದುಕೊಂಡೇ ಮನೆಗೆ ಬಂದೆ.

ಆದರೆ ಆ ಐದರಲ್ಲಿ ಒಂದು ಮುಂದಿನ ತಾರಿನಲ್ಲಿ ಬಂದರೆ, ನಮಗೆಲ್ಲ ಸಿಕ್ಕ ಆ ದಾರಿಯುದ್ದದ ಹರಕೆಯ ಹೊತ್ತನ್ನು ಅವಳಿಗೆ ಯಾರು ಕೊಡುತ್ತಾರೆ?