ಬೆವರಿನ ಹಸಿವು

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಜಮಾಲಸಾಬ ಒಂದು ಕಾಲಕ್ಕೆ ಪೈಲ್ವಾನ. ಕುಸ್ತಿ ಕಲಿಸಿದ ವಸ್ತಾದರು ತೀರಿಕೊಂಡು ಅವರ ತಾಲೀಮು ಮನೆಗೆ ಬೀಗ ಬಿದ್ದ ಮೇಲೆ ಅವನು ಅಖಾಡ ಬಿಟ್ಟ. ಪೈಲ್ವಾನನ ಊಟ ಮಾತ್ರ ಬಿಡಲಿಲ್ಲ. ಐವತ್ತೈದನೆಯ ವಯಸ್ಸಿಗೆ ನೂರಾ ಎಂಟು ಕಿಲೋ ಆದ. ಹೀಗೇ ಇದ್ದರೆ ಸಕ್ಕರೆ ಕಾಯಿಲೆ ಬರುತ್ತದೆಂದು ಡಾಕ್ಟರು ಹೇಳಿದ್ದೇ ತಡ, ಮಗಳು ಮದಿಹಾ ಅವನನ್ನು ನೀಲಾ ಟೀಚರ ಬೆಳಗಿನ ಯೋಗದ ಕ್ಲಾಸಿಗೆ ಎಳೆದೊಯ್ದಳು.

ಅದು ಕಣ್ಣು ಮುಚ್ಚಿ ಕೂರುವ ಯೋಗವಲ್ಲ. ಬಾಗುವುದು, ಕಾಲು ಹಿಂದೆ ಚಾಚುವುದು, ಎದೆ ನೆಲಕ್ಕೆ ತಾಗಿಸಿ ಏಳುವುದು, ಎಲ್ಲವೂ ನಿಲ್ಲದ ಹಾಗೆ, ಜೋರಾಗಿ. ಇಪ್ಪತ್ತನೆಯ ಸುತ್ತಿಗೆ ಉಳಿದವರು ಕೂತುಬಿಟ್ಟರು. ಜಮಾಲಸಾಬ ಐವತ್ತು ಮುಗಿಸಿದ.

"ಇದು ನಮ್ಮ ತಾಲೀಮಿನ್ಯಾಗ ಹೊಡಿಯೋ ದಂಡಾನ ಐತಲ್ರೀ ಅಕ್ಕೋರ!" ಎಂದು ನಕ್ಕ.

ಮದಿಹಾ ಅವನ ಕೈಗೆ ಕಟ್ಟಿದ್ದ ಗಡಿಯಾರ ಐನೂರು ಕ್ಯಾಲರಿ ಕರಗಿತೆಂದು ತೋರಿಸಿತು. ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದ.

ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ತೂಗಿ ನೋಡಿದರೆ ನೂರಾ ಹತ್ತು! ಮುಖ ಸಣ್ಣದು ಮಾಡಿಕೊಂಡು ನಿಂತವನನ್ನು ನೀಲಾ ಕೂರಿಸಿ ಕೇಳಿದಳು.

"ಇಲ್ಲಿಂದ ಹೋಗಿ ಏನ್ ಉಣ್ತೀರಿ?"

"ಆರು ರೊಟ್ಟಿ, ನಾಕು ತತ್ತಿ, ಒಂದು ತಂಬಿಗಿ ಹಾಲು. ಬೆವರು ಸುರಿಸಿದ ಮ್ಯಾಲ ಉಣ್ಣಬೇಕಲ್ರೀ."

"ಅಷ್ಟು ಹಸಿವು ಆಗಿರ್ತದೇನ್ರಿ?"

ಹಸಿವಾಗಿದೆಯೋ ಇಲ್ಲವೋ ಎಂದು ಜಮಾಲಸಾಬ ಎಂದೂ ನೋಡಿಕೊಂಡಿರಲಿಲ್ಲ.

"ಹತ್ತು ವರ್ಷದಾವ ಇದ್ದಾಗ ತಾಲೀಮಿಗೆ ಹೋದೆ," ಎಂದ. "ಕುಸ್ತಿ ಆಸೇಕ್ಕ ಅಲ್ಲರೀ. ನೂರು ದಂಡ ಹೊಡದ್ರ ವಸ್ತಾದ್ರು ಹಾಲು, ಬದಾಮು ಕೊಡ್ತಿದ್ರು. ಮನ್ಯಾಗ ಐದು ಮಂದಿಗೆ ಮೂರು ರೊಟ್ಟಿ. ಸಿಕ್ಕಾಗ ಉಂಡುಬಿಡೋದು, ಅಷ್ಟ ಗೊತ್ತು ನನಗ."

ನೀಲಾ ಉಪದೇಶ ಮಾಡಲಿಲ್ಲ. "ನಾಳಿಂದ ಆ ಗಡಿಯಾರ ಬ್ಯಾಡ. ಕ್ಲಾಸ್ ಮುಗಿದ ಮ್ಯಾಲ ಹತ್ತು ನಿಮಿಷ ಸುಮ್ನ ಅಂಗಾತ ಮಲಗಿರ್ರಿ. ಆಮ್ಯಾಲ ಮನಿಗೆ ಹೋಗ್ರಿ," ಎಂದಳು.

ಐವತ್ತು ಸುತ್ತಿಗಿಂತ ಆ ಹತ್ತು ನಿಮಿಷ ಕಷ್ಟವಾಯಿತು. ಉಸಿರು ತಣ್ಣಗಾದರೂ ಮನಸ್ಸು ಅಡುಗೆಮನೆಗೆ ಓಡುತ್ತಿತ್ತು, ಯಾರೋ ಹಾಲಿನ ಗಡಿಗೆ ಎತ್ತಿಕೊಂಡು ಹೋಗುತ್ತಾರೆಂಬಂತೆ. ಮೊದಲ ವಾರ ನಾಲ್ಕೇ ನಿಮಿಷಕ್ಕೆ ಎದ್ದುಬಿಟ್ಟ. ಮೂರನೆಯ ವಾರ ಒಮ್ಮೆ ನಿದ್ದೆ ಹೋಗಿ ಗೊರಕೆ ಹೊಡೆದ. ಉಳಿದವರು ನಗುತ್ತ ಚಾಪೆ ಸುತ್ತಿಕೊಂಡು ಹೋದರು.

ಅಂದು ಮನೆಯಲ್ಲಿ ಎರಡು ರೊಟ್ಟಿ ಉಂಡು, ಮೂರನೆಯದನ್ನು ಕೈಗೆತ್ತಿಕೊಂಡು, ಮತ್ತೆ ಬುಟ್ಟಿಯಲ್ಲಿಟ್ಟ.

ಮದಿಹಾ ಗಾಬರಿಯಾದಳು. "ಅಬ್ಬಾಜಾನ್, ಆರಾಮಿಲ್ಲೇನು?"

"ಆರಾಮ ಅದೀನಿ ಬೇಟಿ. ರೊಟ್ಟಿ ನಾಳಿಗೂ ಇರ್ತಾವು."

ಹಾಗೆಂದು ಎಲ್ಲ ದಿನವೂ ಗೆದ್ದನೆಂದಲ್ಲ. ಮದುವೆ ಮನೆಯ ಬಿರಿಯಾನಿ ಮುಂದೆ ಸೋತ ದಿನಗಳೂ ಇದ್ದವು. ತೂಕ ನಿಧಾನವಾಗಿ ಇಳಿಯುತ್ತ ವರ್ಷ ತುಂಬುವ ಹೊತ್ತಿಗೆ ನೂರಕ್ಕೆ ಬಂತು. ಇನ್ನೂ ಇಳಿಯಬೇಕು ಎಂದರು ಡಾಕ್ಟರು.

ಆ ಸಲದ ರಮಜಾನಿನಲ್ಲಿ, ಸಂಜೆಯ ಆಜಾನ್ ಕೇಳಿದೊಡನೆ ಜಮಾಲಸಾಬ ಒಂದು ಖರ್ಜೂರ ತಿಂದು, ನೀರು ಕುಡಿದು, ತುಂಬಿದ ತಟ್ಟೆಯನ್ನು ಅಲ್ಲೇ ಬಿಟ್ಟು, ಅವಸರವಿಲ್ಲದೆ ನಮಾಜಿಗೆ ಎದ್ದ.